ಅಕ್ಷರ ನನ್ನದಲ್ಲ

ಪರೀಕ್ಷೆ ಮುಗಿಯಲು ಇನ್ನು ನಲವತ್ತು ನಿಮಿಷ ಇದೆ ಎನ್ನುವಾಗ ಮುರಳೀಧರ ಆ ಚೀಟಿಯನ್ನು ಜೇಬಿನಿಂದ ತೆಗೆದ.

ನಕಲು ಮಾಡಲೆಂದು ಬರೆಸಿಕೊಂಡ ಚೀಟಿ ಅದಲ್ಲ. ಮನೆಯಿದ್ದ ಮದರಾಸಿನ ಅಡ್ಯಾರಿನಿಂದ ಕಾಲೇಜಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ನಿಂತುಕೊಂಡೇ ಓದಿಕೊಳ್ಳಲಿ ಎಂದು ಅಕ್ಕ ತುಂಗಾ ಭೌತಶಾಸ್ತ್ರದ ಸೂತ್ರಗಳನ್ನೆಲ್ಲ ಅಂಗೈಯಗಲದ ಕಾಗದದ ಮೇಲೆ ಸಣ್ಣ ಸಣ್ಣ ಅಕ್ಷರಗಳಲ್ಲಿ ಇಳಿಸಿ ಕೊಟ್ಟಿದ್ದಳು. ತಾಯಿ ತೀರಿಕೊಂಡ ಮೇಲೆ ಮನೆಯ ಅಡಿಗೆಯೂ ಅವಳದೇ, ತಮ್ಮನ ಓದಿನ ಚಿಂತೆಯೂ ಅವಳದೇ. ಪರೀಕ್ಷಾ ಕೊಠಡಿಯ ಬಾಗಿಲಿಗೆ ಬಂದಾಗ ಚೀಟಿ ಎಸೆಯಬೇಕೆಂದು ಮುರಳಿಗೆ ನೆನಪಾಗಿತ್ತು. ನೆನಪಾಗಿಯೂ ಎಸೆಯಲಿಲ್ಲ. ಮುಂದೆ ಎಷ್ಟೋ ಸಲ ಅವನು ಆ ಬಾಗಿಲಿನಿಂದಲೇ ಲೆಕ್ಕ ಹಾಕಿದ್ದುಂಟು. ತಪ್ಪು ಶುರುವಾದದ್ದು ಅಲ್ಲಿಂದಲೇ.

ಆರನೆಯ ಪ್ರಶ್ನೆಯಲ್ಲಿ ಸೂತ್ರದ ಒಂದು ಪದವನ್ನು ಕೂಡಬೇಕೋ ಕಳೆಯಬೇಕೋ ಎಂದು ಸಿಕ್ಕಿಕೊಂಡ. ಚೀಟಿ ತೆಗೆದು ತೊಡೆಯ ಮೇಲಿಟ್ಟು ಒಂದೇ ಸಲ ನೋಡಿದ. ಕಳೆಯಬೇಕಿತ್ತು. ಅಷ್ಟರಲ್ಲಿ ಹಿಂದಿನಿಂದ ಮೇಲ್ವಿಚಾರಕರ ಚಪ್ಪಲಿ ಸದ್ದು ಕೇಳಿ ಕೈ ತಾನಾಗಿ ಸಡಿಲಿತು. ಏಪ್ರಿಲ್ ತಿಂಗಳು, ಪಂಖಗಳೆಲ್ಲ ಜೋರಾಗಿ ತಿರುಗುತ್ತಿದ್ದವು. ಕಾಗದ ಹಾರಿ ಪಕ್ಕದ ಸಾಲಿನ ಪಳನಿವೇಲುವಿನ ಕಾಲ ಬುಡಕ್ಕೆ ಹೋಗಿ ಬಿತ್ತು. ಮೇಲ್ವಿಚಾರಕರು ಬಗ್ಗಿ ಎತ್ತಿಕೊಂಡರು, ಇಬ್ಬರ ಮುಖವನ್ನೂ ನೋಡಿದರು, ಇಬ್ಬರ ನಂಬರನ್ನೂ ಬರೆದುಕೊಂಡರು.

ನಾಲ್ಕನೆಯ ದಿನ ಇಬ್ಬರಿಗೂ ಮೆಮೊ ಬಂತು. ಪರೀಕ್ಷೆಯಲ್ಲಿ ಅಕ್ರಮದ ಆರೋಪ, ಲಿಖಿತ ಉತ್ತರದೊಂದಿಗೆ ಮೂವರು ಪ್ರಾಧ್ಯಾಪಕರ ಸಮಿತಿಯ ಮುಂದೆ ಹಾಜರಾಗಬೇಕು, ಪೋಷಕರು ಜೊತೆಗೆ ಬರಬಹುದು.

ತಂದೆ ವಿಷ್ಣುತೀರ್ಥರು ಮೆಮೊವನ್ನು ಎರಡು ಸಲ ಓದಿದರು. ಧಾರವಾಡದ ಕಡೆಯಿಂದ ಮದರಾಸಿಗೆ ಬಂದು ಇಪ್ಪತ್ತೆಂಟು ವರ್ಷವಾಗಿದ್ದರೂ ಅವರ ಮಾತು ಇನ್ನೂ ಅಲ್ಲಿನದೇ. ವಿಮಾ ಕಚೇರಿಯಲ್ಲಿ ಅವರ ಕೆಲಸ ಅರ್ಜಿಗಳ ಮೇಲಿನ ಸಹಿ ಹೋಲಿಸಿ ನೋಡುವುದು. ನಿಜವಾದ ಸಹಿ ಯಾವುದು, ಕಳ್ಳ ಸಹಿ ಯಾವುದು ಎಂದು ಆಫೀಸರುಗಳೂ ಅವರನ್ನೇ ಕೇಳುತ್ತಿದ್ದರು.

"ಚೀಟಿ ನೀ ಬರದದ್ದೇನು?" ಎಂದರು.

"ಅಲ್ಲಪ್ಪಾ. ಅಕ್ಷರ ನಂದಲ್ಲ."

"ಮತ್ತ ಹೆದರೋದ್ಯಾಕ? ನಿನ್ನ ನೋಟ್‌ಬುಕ್ ಎಲ್ಲಾ ತಗೊಂಡು ಹೋಗೂಣು. ಎದುರಿಗಿಟ್ಟು ಹೋಲಿಸಿ ನೋಡ್ಲಿ. ಅಕ್ಷರ ಸುಳ್ಳು ಹೇಳೂದಿಲ್ಲ."

ಹೇಳಿದ ಮಾತಿನಲ್ಲಿ ಒಂದೂ ಸುಳ್ಳಿರಲಿಲ್ಲ. ಆದರೂ ಅಪ್ಪನ ಮುಖ ಅಷ್ಟು ಬೇಗ ಹಗುರಾದದ್ದನ್ನು ನೋಡಿ ಮುರಳಿ ನೋಟ್‌ಬುಕ್ಕು ಹುಡುಕುವ ನೆಪದಲ್ಲಿ ಬೇರೆ ಕಡೆ ತಿರುಗಿದ. ಒಲೆಯ ಮುಂದಿದ್ದ ತುಂಗಾ, "ಪಾಪ, ಯಾರೋ ಒಗದದ್ದು ಇವನ ತಲಿಗೆ ಬಂತು" ಎಂದಳು. ಅವಳಿಗೆ ತನ್ನ ಕಾಗದದ ನೆನಪೂ ಬರಲಿಲ್ಲ.

ಉತ್ತರವನ್ನು ಅಪ್ಪನೇ ಇಂಗ್ಲಿಷಿನಲ್ಲಿ ಬರೆದರು, ಸಹಿ ಹೋಲಿಸುವ ತಮ್ಮ ಕೆಲಸದ ಮಾತನ್ನೂ ಅದರಲ್ಲಿ ಸೇರಿಸಿದರು. 'ಪ್ರಾಮಾಣಿಕತೆಯೊಂದೇ ಈ ಕುಟುಂಬದ ಆಸ್ತಿ' ಎಂಬ ಸಾಲನ್ನು ಮೂರು ಸಲ ತಿದ್ದಿದರು. ಕೆಳಗೆ ಸಹಿ ಹಾಕುವಾಗ ಮುರಳಿಯ ಕೈ ಬೆವೆತು ಮಸಿ ಸ್ವಲ್ಪ ಹರಡಿತು. ಅಪ್ಪ ಕೋಪಿಸಿಕೊಳ್ಳದೆ ಇನ್ನೊಂದು ಪ್ರತಿ ಬರೆದುಕೊಟ್ಟರು.

ವಿಚಾರಣೆಯ ದಿನ ವಿಷ್ಣುತೀರ್ಥರು ಅರ್ಧ ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಗನ ಏಳು ನೋಟ್‌ಬುಕ್ಕುಗಳನ್ನು ದಾರದಲ್ಲಿ ಕಟ್ಟಿಕೊಂಡು ಬಂದರು. ಸಮಿತಿಯ ಅಧ್ಯಕ್ಷರು ಪ್ರೊಫೆಸರ್ ಶಂಕರನಾರಾಯಣ. ಅಪ್ಪ ಕನ್ನಡಕ ಹಾಕಿಕೊಂಡು ಎರಡು ಪುಟದ ಉತ್ತರವನ್ನು ನಿಂತುಕೊಂಡೇ ಓದಿದರು. ಆಮೇಲೆ ನೋಟ್‌ಬುಕ್ಕುಗಳ ಕಟ್ಟು ಬಿಚ್ಚಿದರು. ಪ್ರಾಧ್ಯಾಪಕರು ಮೂವರೂ ಚೀಟಿಯನ್ನು ಪಕ್ಕದಲ್ಲಿಟ್ಟು ನೋಡಿದರು. ಮುರಳಿಯದು ದೊಡ್ಡ ಓರೆ ಅಕ್ಷರ, ಚೀಟಿಯಲ್ಲಿದ್ದದ್ದು ನೆಟ್ಟಗಿನ ಸಣ್ಣ ಅಕ್ಷರ. ಸಂಶಯಕ್ಕೆ ಜಾಗವೇ ಇರಲಿಲ್ಲ.

"ನೀವೂ ನೋಡಿ ಸಾರ್, ನಿಮಗೆ ಇದರಲ್ಲಿ ಅನುಭವ ಇದೆಯಲ್ಲ," ಎಂದು ಶಂಕರನಾರಾಯಣರು ಮರ್ಯಾದೆಯಿಂದ ಚೀಟಿಯನ್ನು ಅಪ್ಪನ ಕೈಗೆ ಕೊಟ್ಟರು.

ಇದೊಂದನ್ನು ಮುರಳಿ ಎಣಿಸಿರಲಿಲ್ಲ.

ಅಪ್ಪ ಚೀಟಿಯನ್ನು ಬೆಳಕಿಗೆ ಹಿಡಿದರು. ಮನೆಯ ಸಾಮಾನಿನ ಪಟ್ಟಿ, ಊರಿಗೆ ಹೋಗುವ ಕಾಗದ, ಗೋಡೆಯ ಕ್ಯಾಲೆಂಡರಿನ ಮೇಲಿನ ಏಕಾದಶಿಯ ಗುರುತು, ಎಲ್ಲವೂ ತುಂಗಾಳ ಕೈಬರಹ. ಹತ್ತು ವರ್ಷದಿಂದ ದಿನಾ ನೋಡಿದ ಅಕ್ಷರ. ಅಪ್ಪನ ಹೆಬ್ಬೆರಳು ಕಾಗದದ ಅಂಚಿನಲ್ಲಿ ನಿಂತುಬಿಟ್ಟಿತು. ಮುರಳಿ ತನ್ನ ಚಪ್ಪಲಿಯನ್ನೇ ನೋಡುತ್ತ ಕೂತ. ಅಪ್ಪ ಈಗ ಹೇಳಿಬಿಡುತ್ತಾರೆ ಎಂದುಕೊಂಡ. ಹೇಳಿಬಿಡಲಿ ಎಂದೂ ಅನ್ನಿಸಿತು, ಹೇಳದಿರಲಿ ಎಂದೂ ಅನ್ನಿಸಿತು.

"ಇದು ನನ್ನ ಮಗನ ಅಕ್ಷರ ಅಲ್ಲ," ಎಂದರು ಅಪ್ಪ ಇಂಗ್ಲಿಷಿನಲ್ಲಿ. ಅಷ್ಟು ಹೊತ್ತೂ ಗಟ್ಟಿಯಾಗಿದ್ದ ದನಿ ಈಗ ಪಕ್ಕದ ಕುರ್ಚಿಗೂ ಸರಿಯಾಗಿ ಕೇಳಿಸಲಿಲ್ಲ.

ಇವರು ಹೊರಗೆ ಬಂದಾಗ ಬೆಂಚಿನ ಮೇಲೆ ಪಳನಿವೇಲು ಒಬ್ಬನೇ ಕೂತಿದ್ದ. ಅವನ ತಂದೆ ಮಣಲಿಯ ಕಾರ್ಖಾನೆಯೊಂದರಲ್ಲಿ ಪೀಪಾಯಿ ಹೊರುವವರು. ರಜೆ ಸಿಕ್ಕಿರಲಿಲ್ಲ. ಅವನು ಒಳಗೆ ಹೋದ ಸ್ವಲ್ಪ ಹೊತ್ತಿಗೆ, "ಎನ್ನುದು ಇಲ್ಲೆ ಸಾರ್! ನನ್ನದಲ್ಲ ಅಂತ ಎಷ್ಟು ಸಲ ಹೇಳೋದು!" ಎಂಬ ಕೂಗು ಮೆಟ್ಟಿಲವರೆಗೂ ಕೇಳಿಸಿತು. ಅಪ್ಪ ಅರೆಕ್ಷಣ ನಿಂತರು. ಮತ್ತೆ ಇಳಿದರು.

ಬಸ್ಸಿನಲ್ಲಿ ಜಾಗವಿದ್ದರೂ ಅಪ್ಪ ಕೂರಲಿಲ್ಲ, ಮಗನ ಕಡೆ ತಿರುಗಲೂ ಇಲ್ಲ. ಮನೆಗೆ ಬಂದು, "ಏನಾತಪ್ಪಾ?" ಎಂದು ಓಡಿ ಬಂದ ತುಂಗಾಳಿಗೆ, "ಆತು, ಬಿಟ್ರು," ಎಂದಷ್ಟೇ ಹೇಳಿ ಅಂಗಿ ಕಳಚಿದರು. ಆ ದಿನ ಅವಳು ಮಾಡಿದ ಪಾಯಸವನ್ನು ಇಬ್ಬರೂ ಮುಟ್ಟಲಿಲ್ಲ.

ಐದು ದಿನ ಹೀಗೇ ಹೋಯಿತು. ಅಪ್ಪ ಬೈದಿದ್ದರೆ ಮುರಳಿ ತಡೆದುಕೊಳ್ಳುತ್ತಿದ್ದನೇನೋ. ಅವರು ಬೈಯಲಿಲ್ಲ. ಅವನು ಪಡಸಾಲೆಗೆ ಬಂದರೆ ಅವರು ಎದ್ದು ಹಿತ್ತಲಿಗೆ ಹೋಗುತ್ತಿದ್ದರು, ತಪ್ಪು ತಮ್ಮದೇ ಎಂಬಂತೆ.

ಆರನೆಯ ದಿನ ಕಾಲೇಜಿನ ಬೋರ್ಡಿನ ಮೇಲೆ ನೋಟೀಸು ಬಿತ್ತು. ಮುರಳೀಧರನ ಮೇಲಿನ ಆರೋಪ ಸಾಬೀತಾಗಿಲ್ಲ. ಪಳನಿವೇಲು ಬೇರೆಯವರಿಂದ ಚೀಟಿ ಬರೆಸಿ ತಂದಿದ್ದನೆಂದು ಸಮಿತಿ ಭಾವಿಸುತ್ತದೆ, ಅವನನ್ನು ಎರಡು ವರ್ಷ ಪರೀಕ್ಷೆಯಿಂದ ಹೊರಗಿಡಲು ವಿಶ್ವವಿದ್ಯಾಲಯಕ್ಕೆ ಶಿಫಾರಸು ಮಾಡಿದೆ.

ಮುರಳಿ ಓದಿ ಮುಗಿಸುವಷ್ಟರಲ್ಲಿ ಯಾರೋ ಹೆಗಲ ಮೇಲೆ ಕೈಯಿಟ್ಟರು. ಪಳನಿವೇಲು. ಕಣ್ಣು ಕೆಂಪಾಗಿತ್ತು. ಜಗಳಕ್ಕೆ ಬಂದನೇನೋ ಎಂದು ಮುರಳಿ ಹಿಂದೆ ಸರಿದ.

"ಮುರಳಿ, ನೀ ಒಂದು ಮಾತು ಹೇಳು ಅವರಿಗೆ," ಎಂದ ಪಳನಿ ತಮಿಳಿನಲ್ಲಿ. "ನಿನ್ನ ಮಾತು ನಂಬ್ತಾರೆ. ನಿನ್ನ ಅಪ್ಪ ದೊಡ್ಡ ಮನುಷ್ಯರು, ಎಷ್ಟು ಚೆನ್ನಾಗಿ ಇಂಗ್ಲಿಷ್ ಮಾತಾಡಿದರು. ನೀನು ನನ್ನ ಪಕ್ಕದಲ್ಲೇ ಇದ್ದೆಯಲ್ಲ, ನಾನು ತಲೆ ಎತ್ತದೆ ಬರೆಯುತ್ತಿದ್ದೆ ಅಂತ ಅಷ್ಟೇ ಹೇಳು. ಅಷ್ಟು ನೋಡಿರ್ತೀಯಲ್ಲ?"

ಇವನಿಗೆ ತನ್ನ ಮೇಲೆ ಸಂಶಯವೇ ಇಲ್ಲವೆಂದು ಮುರಳಿಗೆ ಆಗ ಗೊತ್ತಾಯಿತು. ನಾಲ್ಕು ಏಟು ಹೊಡೆದಿದ್ದರೆ ವಾಸಿಯಿತ್ತು. "ನೋಡ್ತೀನಿ," ಎಂದ. ಅಷ್ಟಕ್ಕೇ ಪಳನಿವೇಲು ಅವನ ಎರಡೂ ಕೈ ಹಿಡಿದುಕೊಂಡು, "ರೊಂಬ ನನ್ರಿ, ತುಂಬಾ ಉಪಕಾರ" ಎಂದ. ಕೈ ಬಿಡಿಸಿಕೊಳ್ಳಲು ಮುರಳಿಗೆ ಧೈರ್ಯ ಬರಲಿಲ್ಲ.

ಪಳನಿ ಗೇಟು ದಾಟುವವರೆಗೆ ಕಾದು ಅವನು ನೇರವಾಗಿ ಶಂಕರನಾರಾಯಣರ ಕೋಣೆಗೆ ಹೋದ. ಕೂರಲು ಹೇಳಿದರೂ ಕೂರದೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟ. ಚೀಟಿ ತನ್ನದು, ತೆಗೆದು ನೋಡಿದ್ದು ತಾನು, ಕೆಳಗೆ ಬಿಟ್ಟದ್ದೂ ತಾನು. ಬರೆದವಳು ಅಕ್ಕ, ಬಸ್ಸಿನಲ್ಲಿ ಓದಲೆಂದು ಬರೆದದ್ದು, ಅವಳಿಗೆ ಏನೇನೂ ಗೊತ್ತಿಲ್ಲ.

ಪ್ರೊಫೆಸರು ಪೆನ್ನಿನ ಟೊಪ್ಪಿ ಹಾಕಿದರು, ತೆಗೆದರು. "ನಿನ್ನ ಅಕ್ಕನ ಬರಹವೋ?"

"ಹೌದು ಸಾರ್."

"ಆವತ್ತು ನಿನ್ನ ತಂದೆ ಕೈಯಲ್ಲಿ ಹಿಡಿದು ನೋಡಿದರು. ಮಗಳ ಅಕ್ಷರ ಅವರಿಗೆ ಗೊತ್ತಾಗಲಿಲ್ಲವೋ?"

ಈ ಪ್ರಶ್ನೆಗೆ ಮುರಳಿ ಸಿದ್ಧನಾಗಿರಲಿಲ್ಲ. "ಅವರ ಹತ್ತಿರ ಕನ್ನಡಕ ಇರಲಿಲ್ಲ ಸಾರ್. ಸರಿಯಾಗಿ ಕಾಣಲಿಲ್ಲ," ಎಂದುಬಿಟ್ಟ.

ಎರಡು ಪುಟದ ಉತ್ತರವನ್ನು ಕನ್ನಡಕ ಹಾಕಿಕೊಂಡು ಎದುರಿಗೇ ಓದಿದ್ದ ಮನುಷ್ಯ. ಶಂಕರನಾರಾಯಣರು ಅವನ ಮುಖ ನೋಡಿದರು. ಬೈಯಲಿಲ್ಲ. ಬಿಳಿ ಹಾಳೆಯೊಂದನ್ನು ಮುಂದೆ ತಳ್ಳಿ, "ಬರೆದು ಕೊಡು," ಎಂದರು. "ನಿನ್ನ ವಿಷಯ ಮಾತ್ರ ಬರಿ."

ಸಂಜೆ ಅಪ್ಪ ಕಚೇರಿಯಿಂದ ಬಂದ ಮೇಲೆ ಮುರಳಿ ಅವರ ಮುಂದೆಯೂ ತುಂಗಾಳ ಮುಂದೆಯೂ ಎಲ್ಲ ಹೇಳಿದ. ತುಂಗಾ ಸೊಪ್ಪು ಸೋಸುತ್ತಿದ್ದಳು. ಕೈ ನಿಂತಿತು.

"ನನ್ನ ಕಾಗದನ?" ಎಂದಳು. "ಅದನ್ನ ಅವರೆಲ್ಲಾ ಮೇಜಿನ ಮ್ಯಾಲಿಟ್ಟು ನೋಡಿದ್ರೇನು? ನೀ ಬಸ್ಸಿನ್ಯಾಗ ಓದ್ಲಿ ಅಂತ ಬರದಿದ್ನೆಲ್ಲೊ." ಸೊಪ್ಪಿನ ತಟ್ಟೆಯನ್ನು ಹಾಗೇ ಬಿಟ್ಟು ಒಳಗೆ ಹೋದಳು.

ಅಪ್ಪ ಕೇಳಿದ್ದು ಬೇರೆಯೇ. "ನನ್ನ ಬಗ್ಗೆ ಏನರ ಕೇಳಿದ್ರೇನು?"

ಮುರಳಿ ತಲೆ ತಗ್ಗಿಸಿದ. "ಕನ್ನಡಕ ಇರಲಿಲ್ಲ ಅಂತ ಹೇಳ್ದೆ."

"ಅವರು ನಂಬಿದ್ರ?"

"ಇಲ್ಲಪ್ಪಾ."

ವಿಷ್ಣುತೀರ್ಥರು ಗೋಡೆಗೆ ಒರಗಿ ಕೂತರು. ಆರು ದಿನದಲ್ಲಿ ಮೊದಲ ಸಲ ಮಗನ ಮುಖ ನೋಡಿ ಮಾತಾಡಿದರು. "ಆ ಹುಡುಗ ಒಳಗ ಒದರ್ತಿದ್ದ, ನಾ ಮೆಟ್ಟಲಾ ಇಳದೆ. ಇಪ್ಪತ್ತೆಂಟು ವರ್ಷ ಮಂದಿ ಕಳ್ಳ ಸಹಿ ಹಿಡದೀನಿ ನಾ. ಈಗ ನೀ ನನ್ನ ಸಲುವಾಗಿ ಸುಳ್ಳು ಹೇಳಿ ಬಂದಿ. ನಾ ನಿನ್ನ ಸಲುವಾಗಿ ಹೇಳಿದ್ದು ಸಾಲಲಿಲ್ಲ ಅಂತ."

ಮರುದಿನ ಅವರು ಮತ್ತೆ ಅರ್ಧ ದಿನ ರಜೆ ಹಾಕಿದರು. ಮುರಳಿ ಎಷ್ಟು ಬೇಡವೆಂದರೂ ಕೇಳಲಿಲ್ಲ. "ನಿಂದು ನೀ ಹೇಳಿ ಬಂದಿ. ನಂದು ನಾ ಹೇಳಬೇಕಲ್ಲ," ಎಂದರು. ಅವನು ಹೊರಗೆ ಅದೇ ಬೆಂಚಿನ ಮೇಲೆ ಕೂತ. ಒಳಗೆ ಅಪ್ಪನ ದನಿ ಕೇಳಿಸಲಿಲ್ಲ. ಹೋಗಿ ಬರುವ ಹುಡುಗರು ಅವನನ್ನು ನೋಡಿ ಮಾತು ತಗ್ಗಿಸುತ್ತಿದ್ದರು. ಸುದ್ದಿ ಆಗಲೇ ಹಬ್ಬಿತ್ತು. ತನ್ನನ್ನು ನೋಡಿ ಅವರು ಏನಂದುಕೊಂಡರೂ ಸರಿ, ಅಪ್ಪ ಹೊರಗೆ ಬರುವಾಗ ಯಾರೂ ಇರದಿದ್ದರೆ ಸಾಕು ಎಂದು ಅವನು ಬೇಡಿಕೊಂಡ.

ಕಾಲು ಗಂಟೆಯಲ್ಲಿ ಅಪ್ಪ ಬಂದರು. ಮೆಟ್ಟಿಲಿಳಿದು ಗೇಟಿನ ಹತ್ತಿರ ಬಂದ ಮೇಲೆ ಬಾಯಿ ಬಿಟ್ಟರು. "ಅವರು ಏನೂ ಅನ್ನಲಿಲ್ಲ. ಕಾಫಿ ತರಿಸಿದ್ರು. ನನಗ ಕುಡೀಲಿಕ್ಕೆ ಆಗಲಿಲ್ಲ."

ಅಪ್ಪ ಹೇಳಿದ್ದನ್ನು ಶಂಕರನಾರಾಯಣರು ವರದಿಯಲ್ಲಿ ಬರೆಯಲಿಲ್ಲವೆಂದು ಆಮೇಲೆ ತಿಳಿಯಿತು. ಪಳನಿವೇಲುವಿನ ಮೇಲಿನ ಆರೋಪ ಬಿದ್ದುಹೋಯಿತು. ಮುರಳಿಗೆ ಎರಡು ವರ್ಷ ಪರೀಕ್ಷೆ ಇಲ್ಲವೆಂದಾಯಿತು.

ಹೊಸ ನೋಟೀಸು ಬಂದ ದಿನ ಅವನು ಪಳನಿಯನ್ನು ಹುಡುಕಿಕೊಂಡು ಹೋದ. ಪಳನಿ ಸೈಕಲ್ಲಿನ ಬೀಗ ತೆಗೆಯುತ್ತಿದ್ದ. ಮುರಳಿ ಕ್ಷಮೆ ಕೇಳಿದ, ತೊದಲಿದ, ಮತ್ತೆ ಕೇಳಿದ.

"ನಮ್ಮಪ್ಪ ನನ್ನನ್ನು ಮನೆಯಿಂದ ಹೊರಗೆ ಹಾಕಿದ್ದರು," ಎಂದ ಪಳನಿ, ಬೀಗದಿಂದ ಕಣ್ಣೆತ್ತದೆ. "ಎರಡು ದಿನ ದೊಡ್ಡಮ್ಮನ ಮನೆಯಲ್ಲಿದ್ದೆ. ನಾನು ಕಳ್ಳನಲ್ಲ ಅಂತ ಅವರಿಗೆ ಈಗ ಗೊತ್ತಾಗಿದೆ. ಆದರೂ ಮೊದಲಿನ ಹಾಗೆ ಮಾತಾಡ್ತಿಲ್ಲ. ನನ್ನನ್ನು ನಂಬಲಿಲ್ಲ ಅಂತ ಅವರಿಗೇ ನಾಚಿಕೆ."

ಅವನು ಸೈಕಲ್ ಹತ್ತಿ ಹೋದ. ಮುರಳಿ ಬಸ್ಸು ಹಿಡಿಯದೆ, ಬಿಸಿಲಿನಲ್ಲಿ ಅಡ್ಯಾರಿನವರೆಗೂ ನಡೆದೇ ಹೋದ. ಸೇತುವೆಯ ಹತ್ತಿರ ಬಂದಾಗ ಕಚೇರಿ ಬಿಟ್ಟ ಜನರ ನಡುವೆ ಅಪ್ಪ ಸಿಕ್ಕರು. ಹೆಜ್ಜೆ ಸ್ವಲ್ಪ ನಿಧಾನ ಮಾಡಿದರು, ಅವನು ಜೊತೆಗೆ ಬರಲೆಂದು.