ಹಸಿರು ಬಿಲ್ಲೆಯ ಭಾವ

ನಮ್ಮ ಭಾವ ಚಾಕ್ ಕೊಳ್ಳುವಾಗ ಮೊದಲು ಅದನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ತಟ್ಟುತ್ತಾರೆ. ಕ್ಯೂ ಎಂಬ ಆಟದ ಕೋಲಿನ ತುದಿಯ ಚರ್ಮ ಚೆಂಡಿನ ಮೇಲೆ ಜಾರದಿರಲೆಂದು ಸ್ನೂಕರ್ ಆಡುವವರು ಹಚ್ಚಿಕೊಳ್ಳುವ ಆ ಪುಟ್ಟ ಚೌಕ ಬಿಲ್ಲೆಯನ್ನು ನನ್ನಂಥವರು ಅಂಗಡಿಯವನು ಕೊಟ್ಟ ಹಾಗೆಯೇ ಜೇಬಿಗೆ ಹಾಕಿಕೊಂಡು ಬರುತ್ತೇವೆ. ಅವರು ಮಾತ್ರ ತಟ್ಟಿದ ಮೇಲೆ ಹೆಬ್ಬೆರಳಿನ ಉಗುರಿಗೊಮ್ಮೆ ಸವರಿ, ಊದಿ, ಊದಿದ ಮೇಲೂ ಪುಡಿ ನಿಂತಿತೇ ಎಂದು ಕನ್ನಡಕವನ್ನು ಹಣೆಗೇರಿಸಿ ನೋಡಿ, ಕೊನೆಗೆ ಕೋಟಿನ ತೋಳಿಗೆ ಉಜ್ಜಿ, ಕೊಡವಿದರೆ ಕಲೆ ಹೋಗುವುದೋ ಇಲ್ಲವೋ ಎಂಬುದನ್ನೂ ಪರೀಕ್ಷಿಸಿ, ಡಬ್ಬದ ಹನ್ನೆರಡರಲ್ಲಿ ಹನ್ನೊಂದನ್ನು ತಿರಸ್ಕರಿಸುತ್ತಾರೆ. "ನನ್ನ ಒಪ್ಪೋಕೆ ಅರ್ಧ ನಿಮಿಷ, ಈ ಬಿಲ್ಲೆ ಒಪ್ಪೋಕೆ ಅರ್ಧ ದಿನ" ಎಂಬುದು ನಮ್ಮ ಅಕ್ಕನ ಹಳೆಯ ದೂರು.

ವೃತ್ತಿಯಿಂದ ಅವರು ಕೋಟು ಹೊಲಿಯುವ ದರ್ಜಿ. ಮೂವತ್ತು ವರ್ಷ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದ ಕೈ ಅದು; ಗೆರೆ ಕಾಣಬೇಕು, ಕಲೆ ಉಳಿಯಬಾರದು ಎಂಬ ಕಸುಬಿನ ಧರ್ಮವನ್ನೇ ಅವರು ಸಂಜೆಯ ಸ್ನೂಕರ್ ಕೋಣೆಗೂ ಹೊತ್ತು ತಂದರು. ಮೈಮೇಲಿನ ಕಂದು ಕೋಟು ಸ್ವಂತ ಹೊಲಿಗೆಯದು. ಅದರ ಒಳಜೇಬಿನಲ್ಲಿ ಇನ್ನೊಂದು ಗೇಣುದ್ದವೂ ಇಲ್ಲದ ಜೇಬು, ಅದಕ್ಕೆ ತೊಗಲಿನ ಅಸ್ತರು, ಅದರೊಳಗೆ ಬಿಲ್ಲೆ. ಊರವರ ಕೋಟುಗಳಲ್ಲಿ ಒಂದು ನೂಲೆಳೆ ಜೋತಾಡಿದರೂ ಸಹಿಸದ ಆ ಮನುಷ್ಯನ ತೋಳು ಮಾತ್ರ, ತಿರಸ್ಕೃತ ಬಿಲ್ಲೆಗಳ ಕೃಪೆಯಿಂದ, ಸದಾ ಪಾಚಿ ಹಿಡಿದಂತಿರುತ್ತದೆ. ಇಕ್ಕಟ್ಟಾದ ಮೇಜುಗಳ ನಡುವೆ, ಬಗ್ಗಿ ಹೊಡೆಯುವವರ ಕ್ಯೂ ತಗುಲದಂತೆ ಎಡಭುಜ ಮುಂದೆ ಮಾಡಿ ಓರೆಯಾಗಿ ನಡೆದು ನಡೆದು, ಅಗಲವಾದ ಖಾಲಿ ರಸ್ತೆಯಲ್ಲೂ ಅವರದು ಅದೇ ನಡಿಗೆ.

ನಾನು ಭಾವ ಎಂದು ಕರೆಯುತ್ತಿದ್ದುದನ್ನು ಕೇಳಿ ಕೋಣೆಯವರೆಲ್ಲ ಹಾಗೆಯೇ ಕರೆಯತೊಡಗಿದರು. ಅವರಿಗಿಂತ ಹತ್ತು ವರ್ಷ ಹಿರಿಯರಾದ ನಿವೃತ್ತ ಪೋಸ್ಟ್‌ಮಾಸ್ಟರರೂ ಇದಕ್ಕೆ ಹೊರತಲ್ಲ. "ನಂಗೆ ಇಷ್ಟೊಂದು ತಮ್ಮಂದಿರಿದ್ದಾರೆ ಅಂತ ನಮ್ಮಮ್ಮ ಹೇಳಲೇ ಇಲ್ಲವಲ್ಲೋ" ಎಂದು ಅಕ್ಕ ನಗುತ್ತಾಳೆ. ಈ ತಮ್ಮಂದಿರಿಗೆಲ್ಲ ಭಾವನ ಪಾಠ ತಪ್ಪಿದ್ದಲ್ಲ. ಚಾಕ್ ಹಿಡಿದು ಗರಗರ ತಿರುಗಿಸಿ ಗುಳಿ ಬೀಳಿಸುವವರನ್ನು ಕಂಡರೆ ಪಕ್ಕದಲ್ಲಿ ನಿಂತು, "ಬಾವಿ ತೋಡ್ತಾ ಇದ್ದೀಯಲ್ಲ, ನೀರು ಬಂತಾ? ಸವರಬೇಕು ಕಣಯ್ಯಾ, ಕೊರೀಬಾರದು. ಏನಂತೀಯ?" ಎನ್ನುತ್ತಾರೆ. ಆ 'ಏನಂತೀಯ'ಕ್ಕೆ ಉತ್ತರ ಕೊಡಲು ಬಾಯಿ ತೆರೆಯುವಷ್ಟರಲ್ಲಿ ಅವರು ಮುಂದಿನ ಮೇಜಿನ ಬಳಿ ಇರುತ್ತಾರೆ. ಹಸಿರು ಬಟ್ಟೆಯ ಮೇಲೆ ಆಡಿ ನೀಲಿ ಪುಡಿ ಉದುರಿಸುವುದೆಂದರೆ ಉಂಡ ಮನೆಗೆ ಎರಡು ಬಗೆದಂತೆ ಎಂಬುದು ಅವರ ಖಚಿತ ಅಭಿಪ್ರಾಯ. ಹಾಗಾಗಿ ಅವರ ಬಿಲ್ಲೆ ಎಂದೆಂದಿಗೂ ಹಸಿರು.

ಇಷ್ಟೆಲ್ಲ ಶಾಸ್ತ್ರ ಬಲ್ಲವರ ಆಟ ಹೇಗೆ ಎಂದು ಕೇಳಬಾರದು. ನನ್ನಂಥ ದಡ್ಡನ ಕೈಯಲ್ಲೂ ಎರಡು ಸಲ ಸೋತಿದ್ದಾರೆ. ಆಟ ಒಲಿದದ್ದು ಮಗಳಿಗೆ. ಒಂಬತ್ತನೆಯ ವಯಸ್ಸಿನಲ್ಲಿ ಅವಳು ಮಣೆ ಹತ್ತಿ ನಿಂತು ಆಡತೊಡಗಿದಂದಿನಿಂದ ಅವಳ ಪ್ರತಿಯೊಂದು ಬಿಲ್ಲೆಯನ್ನೂ ಆರಿಸಿದವರು ಅಪ್ಪನೇ. ಪಂದ್ಯಕ್ಕೆ ಮುಂಚೆ ಅದನ್ನು ಅವಳ ಅಂಗೈಯಲ್ಲಿಟ್ಟು, ಅವಳ ಬೆರಳುಗಳನ್ನು ತಾವೇ ಮಡಿಸುತ್ತಿದ್ದರು. ಗೆದ್ದು ಬಾ ಎಂಬ ಒಂದು ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ.

ಅವಳಿಗೆ ಇಪ್ಪತ್ತೆರಡಾದ ವರ್ಷ ದೇಶದ ತಂಡದಲ್ಲಿ ಒಂದು ಸ್ಥಾನ ಉಳಿದಿತ್ತು, ಅದಕ್ಕೆ ಇಬ್ಬರು ಆಟಗಾರ್ತಿಯರಿದ್ದರು. ಐದು ಫ್ರೇಮ್, ಅಂದರೆ ಐದು ಸುತ್ತು ಆಟದಲ್ಲಿ ಮೂರು ಗೆದ್ದವಳು ತಂಡಕ್ಕೆ, ಸೋತವಳು ಮನೆಗೆ. ಪಂದ್ಯದ ಹಿಂದಿನ ವಾರ ನನ್ನ ಸೋದರಸೊಸೆ ನನ್ನೊಬ್ಬನಿಗೇ ಒಂದು ಗುಟ್ಟು ಹೇಳಿದಳು. ದೂರದ ತರಬೇತಿಯಲ್ಲಿದ್ದಾಗ ಅವಳು ಬೇರೊಂದು ಬಗೆಯ ಚಾಕ್‌ಗೆ ಬದಲಾಗಿದ್ದಳು; ಗಟ್ಟಿಯದು, ಪುಡಿ ಕಡಿಮೆ, ಬಣ್ಣ ಕಡುನೀಲಿ. "ಮಾಮ, ಅಪ್ಪಂದು ಕೆಟ್ಟದ್ದು ಅಂತಲ್ಲ. ನನ್ನ ಕೈ ಇದಕ್ಕೆ ಒಗ್ಗಿಹೋಗಿದೆ. ಅವರಿಗೆ ಹೇಳ್ಬೇಡ." ನಾನೂ ಬಾಯಿಗೆ ಬೀಗ ಹಾಕಿಕೊಂಡೆ. ಅತ್ತ ಭಾವ ಮೂರು ದಿನ ನಾಲ್ಕು ಅಂಗಡಿ ಸುತ್ತಿ, ಎರಡು ಡಜನ್‌ನಲ್ಲಿ ಒಂದನ್ನು ಹುಡುಕಿ ತಂದಿದ್ದರು. ಅದನ್ನು ನನಗೆ ತೋರಿಸಿದಾಗ ನಾನು ಚೆನ್ನಾಗಿದೆ ಎಂದೆ. ಇವತ್ತಿಗೂ ಆ ಮಾತಿಗೆ ನಾಚಿಕೆಪಡುತ್ತೇನೆ.

ಪಂದ್ಯದ ಬೆಳಿಗ್ಗೆ ಹಸಿರು ಬಿಲ್ಲೆ ಎಂದಿನಂತೆ ಅವಳ ಅಂಗೈ ಸೇರಿತು. ಅವಳು ಅದನ್ನು ಜೇಬಿಗೆ ಹಾಕಿ, ನೀಲಿಯನ್ನು ಹಚ್ಚಿ ಆಡಿ, ಮೊದಲ ಎರಡು ಫ್ರೇಮ್‌ಗಳನ್ನು ನೀರು ಕುಡಿದಷ್ಟು ಸುಲಭವಾಗಿ ಗೆದ್ದಳು. ಸುತ್ತಲಿನವರು ಚಪ್ಪಾಳೆ ತಟ್ಟುತ್ತಿದ್ದರು. ನನ್ನ ಪಕ್ಕದಲ್ಲಿ ಕುಳಿತ ಭಾವ ಮಾತ್ರ ಚೆಂಡನ್ನು ನೋಡದೆ ನೀಲಿ ಬಿಲ್ಲೆ ಹಿಡಿದ ಮಗಳ ಎಡಗೈಯನ್ನೇ ನೋಡುತ್ತಿದ್ದರು, ಆಮೇಲೆ ತಮ್ಮ ಮಂಡಿಗಳನ್ನು ನೋಡಿಕೊಂಡು ಕುಳಿತುಬಿಟ್ಟರು. ಗೆದ್ದ ಸಂತೋಷದಲ್ಲಿ ಇತ್ತ ತಿರುಗಿದ ಹುಡುಗಿಗೆ ಆ ಮುಖ ಕಂಡಿತು. ಮೂರನೆಯ ಫ್ರೇಮ್‌ಗೆ ಅವಳು ಜೇಬಿನಿಂದ ಹಸಿರು ಬಿಲ್ಲೆ ತೆಗೆದು, ಅಪ್ಪನಿಗೆ ಕಾಣುವಂತೆ ಎತ್ತಿ ಹಿಡಿದು, ನೀಲಿಯ ಮೇಲೆಯೇ ಸವರಿಕೊಂಡಳು.

ಭಾವನ ಮುಖ ಅರಳಿತು, ಮರುಕ್ಷಣವೇ ಬಾಡಿತು. ಹಳೆಯದನ್ನು ಪೂರ್ತಿ ತೆಗೆಯದೆ ಒಂದರ ಮೇಲೊಂದು ಚಾಕ್ ಹಚ್ಚಿದರೆ ಎರಡೂ ಹಿಡಿಯುವುದಿಲ್ಲ, ತುದಿ ನುಣುಪಾಗಿ ಜಾರುತ್ತದೆ ಎಂಬುದು ಅವಳಿಗೆ ಗೊತ್ತಿರದ ಸಂಗತಿಯಲ್ಲ; ಒಂಬತ್ತನೆಯ ವಯಸ್ಸಿನಲ್ಲೇ ಅವರು ಕಲಿಸಿದ್ದು. ಟಪ್ ಎಂದು ಕ್ಯೂ ಜಾರಿತು. ಸುಲಭದ ಕೆಂಪು ಚೆಂಡು ರಂಧ್ರದ ಬಾಯಲ್ಲಿ ನಿಂತಿತು. ಆ ಫ್ರೇಮ್ ಹೋಯಿತು, ಅದರ ಹಿಂದೆಯೇ ನಾಲ್ಕನೆಯದೂ ಹೋಯಿತು. ಇಬ್ಬರಿಗೂ ಎರಡೆರಡು. ಕೊನೆಯದಕ್ಕೆ ಮುಂಚೆ ಹತ್ತು ನಿಮಿಷ ಬಿಡುವು.

ಭಾವ ಎದ್ದು ಮಗಳ ಬಳಿ ಹೋದರು. ಬೈಯುತ್ತಾರೆಂದು ಹೆದರಿ ನಾನೂ ಹಿಂದೆಯೇ ಹೋದೆ.

"ಎಷ್ಟು ದಿನದಿಂದ?"

"ಎಂಟು ತಿಂಗಳಾಯ್ತಪ್ಪ."

"ನಿಮ್ಮ ಮಾಮಂಗೂ ಗೊತ್ತಿತ್ತೇನು?"

ಅವಳು ತಲೆ ತಗ್ಗಿಸಿದಳು. ನಾನು ಚಾವಣಿಯ ಫ್ಯಾನು ನೋಡತೊಡಗಿದೆ. ಭಾವ ಕ್ಯೂ ಇಸಿದುಕೊಂಡು, ಉಪ್ಪುಕಾಗದದ ಚೂರಿನಿಂದ ತುದಿಯನ್ನು ಮೆಲ್ಲಗೆ ಉಜ್ಜಿ, ನೀಲಿ ಹಸಿರು ಎರಡೂ ಹೋಗಿ ಚರ್ಮದ ಬಣ್ಣ ಕಾಣುವವರೆಗೆ ಒರೆಸಿದರು. ಆಮೇಲೆ ಅವಳ ನೀಲಿ ಬಿಲ್ಲೆಯನ್ನು ಕೈಗೆ ತೆಗೆದುಕೊಂಡು ಅವರು ಕೇಳಿದ ಪ್ರಶ್ನೆ ನನ್ನ ಕಿವಿಯಲ್ಲಿ ಇನ್ನೂ ಇದೆ.

"ಇದನ್ನ ಹೇಗೆ ಹಚ್ಚೋದು, ಹೇಳಿಕೊಡು."

"ಎರಡೇ ಸಲ ಅಪ್ಪ. ಒತ್ತಬಾರದು."

ಊರಿಗೆಲ್ಲ ಚಾಕ್ ಹಚ್ಚಲು ಕಲಿಸಿದ ಮನುಷ್ಯ, ಶಾಲೆಗೆ ಹೊಸದಾಗಿ ಸೇರಿದವನಂತೆ, ಅವಳು ಹೇಳಿದ ಹಾಗೆ ಎರಡೇ ಸಲ ಸವರಿದರು. ಕ್ಯೂ ಹಿಂದಿರುಗಿಸಿ ಕೈ ಚಾಚಿದರು.

"ನಂದನ್ನ ಕೊಡು."

"ಇರಲಿ ಅಪ್ಪ, ಜೇಬಲ್ಲೇ ಇರುತ್ತೆ."

"ಜೇಬಲ್ಲಿದ್ರೆ ನಿನ್ನ ಕೈ ಅಲ್ಲಿಗೇ ಹೋಗುತ್ತೆ. ಕೊಡಮ್ಮ."

ಅವಳು ಕೊಟ್ಟಳು. ಕಣ್ಣೊರೆಸಿಕೊಂಡು ಹೋಗಿ ಆಡಿದಳು, ಗೆದ್ದಳು, ದೇಶದ ತಂಡ ಸೇರಿದಳು. ಕೊನೆಯ ಚೆಂಡು ರಂಧ್ರಕ್ಕೆ ಬಿದ್ದಾಗ ಭಾವ ಎದ್ದು ನಿಂತು ಚಪ್ಪಾಳೆ ತಟ್ಟಲು ಹೋಗಿ, ಬಿಲ್ಲೆ ಹಿಡಿದ ಮುಷ್ಟಿ ಬಿಡಿಸಲು ಮರೆತು, ಮುಷ್ಟಿಯಿಂದಲೇ ಅಂಗೈ ಗುದ್ದಿಕೊಳ್ಳುತ್ತಿದ್ದರು.

ಪ್ರೀತಿಯನ್ನು ಮಾತಿನಲ್ಲಿ ಹೇಳಲು ಬಾರದ ಜನರ ಒಂದು ಜಾತಿಯೇ ಇದೆ. ಅವರು ನಮಗಾಗಿ ಏನನ್ನೋ ಆರಿಸುತ್ತಾರೆ, ಗುಂಡಿಯನ್ನೋ ದಾರವನ್ನೋ ಚಾಕ್ ಬಿಲ್ಲೆಯನ್ನೋ. ಆ ಆರಿಸುವಿಕೆಯ ಅತಿಯನ್ನು ಕಂಡು ನಾವು ನಗುತ್ತೇವೆ. ಇನ್ನು ಬೇಡ ಎಂದಾಗ ಅವರು ಕಳೆದುಕೊಳ್ಳುವುದು ತಮಗೆ ಗೊತ್ತಿದ್ದ ಒಂದೇ ಒಂದು ಭಾಷೆಯನ್ನು ಎಂಬುದು ನಮಗೆ ತಡವಾಗಿ ತಿಳಿಯುತ್ತದೆ. ಕೊಟ್ಟದ್ದನ್ನು ಹಿಂದಕ್ಕೆ ಕೇಳುವವನು ಸಣ್ಣ ಮನುಷ್ಯ ಎಂದು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇನೆ. ಮಗಳ ಕೈ ಹಗುರಾಗಲೆಂದು ಕೊಟ್ಟದ್ದನ್ನು ಹಿಂದಕ್ಕೆ ಕೇಳಿದ ಆ ಮನುಷ್ಯನಿಗಿಂತ ದೊಡ್ಡವರನ್ನು ನಾನು ಹೆಚ್ಚು ಕಂಡಿಲ್ಲ.