ಗುಂಡುಸೂಜಿ ಕಿತ್ತ ಮೇಲೆ

ಹೊಳೆಯುತ್ತಿದೆ, ಅದಕ್ಕೇ ಅದರ ಮೇಲೆ ನಂಬಿಕೆಯಿಲ್ಲ, ಅಂಗಡಿಯ ಗಾಜಿನಡಿ ಆ ನೂಲಿನ ರೀಲು ಈಗಷ್ಟೇ ಮುಖ ತೊಳೆದು ಬಂದವಳ ಹಾಗೆ ಕೂತಿದೆ, ಪಕ್ಕದಲ್ಲಿ ಹತ್ತಿಯ ನೂಲು, ಮಂಕು ಬಿಳಿ, ಯಾರೂ ಕೇಳದ್ದು — ಬೇಗ ಆರಿಸೇ, ಇಲ್ಲೇ ಬೇರು ಬಿಡ್ತೀಯಾ, ಅನ್ನುತ್ತಾಳೆ ದೊಡ್ಡಮ್ಮ, ಅವಳ ಮಗಳ, ನನ್ನಕ್ಕನ, ಮದುವೆಯ ಉಡುಪಿಗೆ ಲೇಸಿನ ಕೊರಳಪಟ್ಟಿ, ನಾಲ್ಕು ತಿಂಗಳು ಲೇಸು ಹೆಣೆಯುವ ದಿಂಬಿನ ಮೇಲೆ ಬಗ್ಗಿ ನೂಲು ಸುತ್ತಿದ ನಲವತ್ತು ಜೋಡಿ ಬಾಬಿನ್ನು ಕಡ್ಡಿ ಆಡಿಸಿ ಹೆಣೆಯುವವಳು ನಾನು — ನಿಂಗೇ ತಾನೇ ಗೊತ್ತಿರೋದು, ನೀನೇ ಆರಿಸು, ಅಂಗಡಿಯವನಿಗೂ ಕೇಳಲಿ ಅಂತ ಗಟ್ಟಿಯಾಗಿ. ಸರಿ, ಹತ್ತಿಯ ಎಳೆ ಬಿಚ್ಚಿ ಪೆನ್ಸಿಲಿಗೆ ಒತ್ತೊತ್ತಾಗಿ ಸುತ್ತುತ್ತೇನೆ, ಬೆರಳಗಲಕ್ಕೆ ಇಪ್ಪತ್ತೆಂಟು ಸುತ್ತು, ದಿಂಬಿಗೆ ಹಾಸುವ ನಮ್ಮ ನಕ್ಷೆಯ ಸೂಜಿತೂತುಗಳಿಗೆ ಹೇಳಿ ಮಾಡಿಸಿದ ಹಾಗಿದೆ, ತುಟಿಯ ಮೇಲೆ ಹಾಯಿಸುತ್ತೇನೆ, ಗಂಟಿಲ್ಲ, ಎರಡೂ ಕೈಯಲ್ಲಿ ಹಿಡಿದು ಎಳೆಯುತ್ತೇನೆ, ಜಗ್ಗುವುದಿಲ್ಲ. ಹೊಳೆಯುವುದು ಎಳೆದಷ್ಟೂ ಬರುತ್ತದೆ, ಬಿಟ್ಟರೆ ಹಿಂದಕ್ಕೋಡುತ್ತದೆ, ಹೋದ ವರ್ಷ ಡಾಕ್ಟರ ಹೆಂಡತಿಯ ಮೇಜುಬಟ್ಟೆಯ ಅಂಚಿಗೆ ಇದೇ ನೂಲು, ದಿಂಬಿನ ಮೇಲೆ ಇದ್ದಷ್ಟು ದಿನ ಗುಂಡುಸೂಜಿಗಳು ಹಿಡಿದಿಟ್ಟಿದ್ದವು, ಕನ್ನಡಿಯಂತೆ ಸಪಾಟು, ಸೂಜಿ ಕಿತ್ತೆ, ಒಂದು, ಇನ್ನೊಂದು, ಬಿಳಿ ಅಂಚು ನಿಧಾನಕ್ಕೆ ಒಳಗೆ ಸುರುಳಿ ಸುತ್ತಿಕೊಂಡಿತು, ಬೆಂಕಿಯ ಪಕ್ಕ ಬಿದ್ದ ಎಲೆ. ಆರಿಸಿದ್ದು ದೊಡ್ಡಮ್ಮ. ಡಾಕ್ಟರ ಹೆಂಡತಿ ಬಂದಾಗ ದೊಡ್ಡಮ್ಮನ ಮಾತು — ನಮ್ಮ ಹುಡುಗಿ ಆರಿಸಿದ್ದು ಕಣ್ರೀ, ಏಳನೇ ಕ್ಲಾಸಿಗೇ ಪುಸ್ತಕ ಕಟ್ಟಿಟ್ಟವಳು, ಅವಳಿಗೇನು ತಿಳಿಯುತ್ತೆ. ಕಟ್ಟಿಟ್ಟವಳು ನಾನಾ, ಬೆರಳು ಚುರುಕಾಗಿದೆ, ಶಾಲೆಲಿ ಯಾಕೆ ದಂಡ ಅಂದದ್ದು ಯಾರು, ಬಾಗಿಲ ಸಂದಿಯಲ್ಲೇ ನಿಂತಿದ್ದೆ. ಅಕ್ಕ ಮಾತ್ರ ಆ ಸಂಜೆಯೂ ದಿಂಬಿನ ಪಕ್ಕ ಕೂತು ತನ್ನ ಕಾಲೇಜಿನ ಪಾಠ ಗಟ್ಟಿಯಾಗಿ ಓದಿದಳು, ನಿನಗೋಸ್ಕರ ಅಂತ ಒಂದು ದಿನವೂ ಹೇಳದೆ, ನಾನು ಸೂಜಿ ಚುಚ್ಚುತ್ತ ಕೇಳಿಸಿಕೊಂಡೆ, ಪುಟ ತಿರುವುವ ಮೊದಲು ನನ್ನ ಮುಖ ನೋಡುತ್ತಿದ್ದಳು. ಇದು, ಅಂತ ಹತ್ತಿಯ ರೀಲನ್ನು ಮುಂದೆ ತಳ್ಳುತ್ತೇನೆ. ಇದಾ, ಹೆಣಕ್ಕೆ ಹೊದಿಸೋ ಬಟ್ಟೆ ಥರ ಇದೆಯಲ್ಲೇ, ಮದುವೆ ಕಣೇ ಮದುವೆ, ಅಂಗಡಿಯವನು ನಗುತ್ತಾನೆ, ಅಮ್ಮಾವ್ರ ಕಣ್ಣು ಕಣ್ಣೇ, ದೊಡ್ಡಮ್ಮ ಹೊಳೆಯುವ ರೀಲನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸುತ್ತಾಳೆ, ನೀನೇ ಕೊಡು ಅಂಗಡಿಯವರಿಗೆ, ತಂಗಿ ಆರಿಸಿದ್ದು ಅಂದ್ರೆ ನಿಮ್ಮಕ್ಕಂಗೂ ಖುಷಿ. ಹಾಗಾದರೆ ಇದೂ ನನ್ನ ತಲೆಗೇ. ಹೇಳು, ಈಗಲೇ ಹೇಳು, ಜಗ್ಗುತ್ತೆ ದೊಡ್ಡಮ್ಮ, ಹೋದ ವರ್ಷ ಆಗಿದ್ದೇ ಆಗುತ್ತೆ, ನಾಲಿಗೆಯ ತುದಿಯಲ್ಲಿದೆ — ಇದೇ ಕಟ್ಲಾ ತಂಗೀ, ಅನ್ನುತ್ತಾನೆ ಅಂಗಡಿಯವನು — ಹೂಂ. ಹೂಂ ಅಂದದ್ದು ನಾನೇ, ಹೆದರಿಕೆಗೆ ಅಂದೆನಾ, ಅಥವಾ ಅದು ಸುರುಳಿ ಸುತ್ತುವುದನ್ನು ದೊಡ್ಡಮ್ಮ ಎಲ್ಲರೆದುರು ನಿಂತು ನೋಡಲಿ ಅಂತಲಾ, ಆದರೆ ಕೊರಳು ಅವಳದಲ್ಲವಲ್ಲ, ಅಕ್ಕನದು, ಕಾಗದ ಮಡಿಸುವ ಸದ್ದು, ದಾರದ ಗಂಟು, ನಾಲ್ಕು ತಿಂಗಳು ಸಪಾಟಾಗಿಯೇ ಇರುತ್ತದೆ, ಎಷ್ಟು ಚಂದ ಅನ್ನುತ್ತಾಳೆ ಅಕ್ಕ, ಬಗ್ಗಿ, ಆಮೇಲೆ ಸೂಜಿ ಕೀಳುತ್ತೇನೆ, ಒಂದು, ಇನ್ನೊಂದು, ಅಕ್ಕನ ಕೊರಳಲ್ಲಿ ಬಿಳಿ ಅಂಚು, ನಿಧಾನಕ್ಕೆ, ಒಳಗೆ