ಎಡಗಡೆಯ ಬ್ರೇಕು

ಕನ್ನಡಿಯನ್ನು ಮೂರನೆಯ ಸಲ ತಿರುಗಿಸಿ, ಸೀಟನ್ನು ಮುಂದಕ್ಕೆ ಎಳೆದುಕೊಂಡು, ಹೆಂಡತಿ ಹೇಳಿದಳು: "ಈಗ ಆ ಮಾತು ಹೇಳಿ."

"ಯಾವ ಮಾತು?"

"ಬಂದವರಿಗೆಲ್ಲ ಮೊದಲನೇ ದಿನ ಹೇಳ್ತೀರಲ್ಲ, ಅದು."

ಎಡಗಡೆಯ ಸೀಟಿನಲ್ಲಿ ಕೂತಿದ್ದ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ತಮ್ಮ ಕಾಲ ಬಳಿಯ ಪೆಡಲಿನ ಕಡೆ ನೋಡಿದರು. ಇಪ್ಪತ್ತೆರಡು ವರ್ಷಗಳಿಂದ, ಸ್ಟಿಯರಿಂಗ್ ಹಿಡಿದು ನಡುಗುವವರಿಗೆಲ್ಲ ಅವರು ಹೇಳುತ್ತಿದ್ದುದು ಒಂದೇ ಮಾತು: "ಹೆದರ್ಬೇಡಿ, ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇದೆ." ಆ ಮಾತಿನ ಧೈರ್ಯದ ಮೇಲೆ ಟೈಲರುಗಳು, ಹೊಸ ಸೊಸೆಯಂದಿರು, ರಿಟೈರಾದ ಹೆಡ್‌ಮಾಸ್ಟರು ಎಲ್ಲರೂ ಲೈಸೆನ್ಸ್ ಪಡೆದು ಹೋಗಿದ್ದರು. ಹೆಂಡತಿ ಮಾತ್ರ ಕಾರು ತೊಳೆಯುತ್ತ ಉಳಿದಿದ್ದಳು. "ನಾಳೆ ಕಲಿಸ್ತೀನಿ ಕಣೇ" ಎನ್ನುವ ಮಾತಿಗೂ ಮಗಳಿಗೂ ಒಂದೇ ವಯಸ್ಸು. ಇವತ್ತು ಮಧ್ಯಾಹ್ನ ಆಕೆ ಏನೂ ಹೇಳದೆ, ತಾನೇ ಹೋಗಿ ಮಾಡಿಸಿಕೊಂಡ ಕಲಿಕೆಯ ಲೈಸೆನ್ಸನ್ನು ಅವರ ತಟ್ಟೆಯ ಪಕ್ಕ ಇಟ್ಟಿದ್ದಳು.

ಆ ಬ್ರೇಕು ಎರಡು ತಿಂಗಳಿಂದ ಇರಲಿಲ್ಲ. ಎಂದರೆ, ಪೆಡಲು ಇತ್ತು. ಅದನ್ನು ಬಲಗಡೆಯ ಬ್ರೇಕಿಗೆ ಜೋಡಿಸುವ ಕೇಬಲ್ಲು ತುಂಡಾಗಿತ್ತು. ಗ್ಯಾರೇಜಿನವನು ಹೇಳಿದ ರೇಟಿಗೆ ಮೇಷ್ಟ್ರು, "ನಾನು ಕೇಳಿದ್ದು ಕೇಬಲ್ ಕಣಯ್ಯಾ, ಹೊಸ ಕಾರಲ್ಲ" ಎಂದು ನಕ್ಕು ಎದ್ದು ಬಂದಿದ್ದರು. ಹಳೆಯ ಸೋಫಾದ ಸ್ಪ್ರಿಂಗೊಂದನ್ನು ಪೆಡಲಿನ ಕೆಳಗೆ ಸಿಕ್ಕಿಸಿದರು. ಒತ್ತಿದರೆ ನಿಜವಾದ ಬ್ರೇಕಿನಂತೆಯೇ ಬಿಗಿಯಾಗಿ ಇಳಿದು ಏಳುತ್ತಿತ್ತು. ಹಲ್ಲಿಲ್ಲದ ಕಾವಲು ನಾಯಿ, ಬೊಗಳಿದರೆ ಸಾಕಲ್ಲ. ಕಲಿಯುವವರಿಗೆ ಬೇಕಾದದ್ದು ಧೈರ್ಯ ತಾನೆ?

ಇವತ್ತು ಬೆಳಗಿನವರೆಗೂ ಹಾಗೆಯೇ ಅಂದುಕೊಂಡಿದ್ದರು. ಶಾಲೆಯ ಪಕ್ಕದ ಇಳಿಜಾರಿನಲ್ಲಿ, ಕಲಿಯಲು ಬಂದಿದ್ದ ನರ್ಸ್ ಗಾಬರಿಯಲ್ಲಿ ಬ್ರೇಕಿನ ಬದಲು ಕ್ಲಚ್ ತುಳಿದಳು. ಮುಂದೆ ಹಣ್ಣಿನ ತಳ್ಳುಗಾಡಿಯ ಮುದುಕ. ಮೇಷ್ಟ್ರ ಕಾಲು ತನ್ನಷ್ಟಕ್ಕೆ ತಾನೇ ಪೆಡಲನ್ನು ಅದುಮಿತು. ಸ್ಪ್ರಿಂಗು ಕುಂಯ್ ಎಂದಿತು. ಕಾರು ಜಾರುತ್ತಲೇ ಇತ್ತು. ಹ್ಯಾಂಡ್‌ಬ್ರೇಕ್ ನೆನಪಾಗಿ ಎಳೆಯುವ ಹೊತ್ತಿಗೆ ಮುದುಕನಿಗೂ ಬಂಪರಿಗೂ ನಡುವೆ ಒಂದು ಗೇಣು ಉಳಿದಿತ್ತು.

"ನಿಮ್ಮ ಬ್ರೇಕ್ ಇಲ್ದಿದ್ರೆ ನನ್ನ ಗತಿ ಏನಾಗ್ತಿತ್ತು ಸಾರ್!" ಎಂದು ನರ್ಸ್ ಅತ್ತುಬಿಟ್ಟಳು. ಮೇಷ್ಟ್ರು ಬೆವರು ಒರೆಸಿಕೊಂಡಿದ್ದರು.

"ಹೇಳ್ರೀ," ಎಂದಳು ಹೆಂಡತಿ. ಖಾಲಿ ಮೈದಾನ, ಅದರಾಚೆ ಗೇಟು, ಗೇಟಿನಾಚೆ ರಸ್ತೆ. ಎಂಜಿನ್ ಗುರುಗುಡುತ್ತಿತ್ತು.

"ಇವತ್ತು ಬೇಡ ಕಣೇ."

ಆಕೆಯ ಮುಖ ಇಳಿಯಿತು. "ಗೊತ್ತಿತ್ತು ಬಿಡಿ. ಊರವರಿಗೆಲ್ಲ ಬರುತ್ತೆ, ನಾನೊಬ್ಬಳು ದಡ್ಡಿ."

"ದಡ್ಡಿ ನೀನಲ್ಲ. ಕೆಳಗೆ ನೋಡು, ನಿನ್ನ ಬ್ರೇಕ್ ಕಡೆ. ನಾನು ನಂದನ್ನ ಒತ್ತಿದ್ರೆ ಅದೂ ಇಳೀಬೇಕು."

ಅವರು ಒತ್ತಿದರು. ಆಕೆಯ ಕಾಲ ಬಳಿಯ ಪೆಡಲು ಅಲುಗಲಿಲ್ಲ. ಇನ್ನೊಮ್ಮೆ ಒತ್ತಿದರು. ಕುಂಯ್.

"ಇದು ನಮ್ಮ ಸೋಫಾದ ಸದ್ದು," ಎಂದಳು ಆಕೆ.

"ಹೂಂ." ಮೇಷ್ಟ್ರು ಕಿಟಕಿಯ ಕಡೆ ತಿರುಗಿ, ಕೇಬಲ್ಲಿನ ಕಥೆಯನ್ನೂ ಬೆಳಗಿನ ಮುದುಕನ ಕಥೆಯನ್ನೂ ಹೇಳಿ ಮುಗಿಸಿದರು.

ಆಕೆ ಕೇಳಿದಳು: "ನನಗ್ಯಾಕೆ ಆ ಮಾತು ಹೇಳ್ಲಿಲ್ಲ? ಹೇಳಿದ್ರೆ ನಂಬ್ತಿದ್ದೆ."

"ಅದಕ್ಕೇ."

"ಅವರೂ ನಂಬಿದ್ರಲ್ಲ ರೀ."

ಆಕೆ ಎಂಜಿನ್ ಆರಿಸಿ ಇಳಿದಳು. ಕಾರಿನ ಮುಂದೆ ಕಟ್ಟಿದ್ದ ಸ್ಕೂಲಿನ ಬೋರ್ಡನ್ನು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು, ಸುತ್ತಿ ಬಂದು ಅವರ ಬಾಗಿಲು ತೆರೆದಳು. "ಆ ಕಡೆ ಹೋಗಿ ಕೂತ್ಕೊಳ್ಳಿ. ಗ್ಯಾರೇಜಿಗೆ ನಡೀರಿ."

"ಬೆಳಗ್ಗೆ ಮೂರು ಕ್ಲಾಸಿದೆ ಕಣೇ. ಅವರ ಪರೀಕ್ಷೆ ಮುಗೀಲಿ, ನಾಳೆ..."

"ನಾಳೆ ಅನ್ನೋ ಮಾತು ನನ್ನ ಹತ್ರ ಆಡ್ಬೇಡಿ."

ಮೇಷ್ಟ್ರು ಸ್ಟಿಯರಿಂಗಿನ ಹಿಂದೆ ಕೂತರು. ಮೊಣಕಾಲು ತಾಕಿತು, ಸೀಟನ್ನು ಹಿಂದಕ್ಕೆ ತಳ್ಳಿಕೊಂಡರು. ಬೋರ್ಡನ್ನು ಮಡಿಲಲ್ಲಿಟ್ಟುಕೊಂಡು ಆಕೆ ಎಡಗಡೆ ಕೂತಳು. ಮೊದಲನೆಯ ತಿರುವಿನಲ್ಲಿ ಆಕೆಯ ಕಾಲು ಆ ಪೆಡಲನ್ನು ಒತ್ತಿತು. ಕುಂಯ್. ಮೇಷ್ಟ್ರು ಬ್ರೇಕ್ ಹಾಕಿದರು. ಬೆಕ್ಕೊಂದು ಅಡ್ಡ ಬಂದಾಗ ಮತ್ತೆ ಒತ್ತಿದಳು. ಮತ್ತೆ ಹಾಕಿದರು.

ಶಾಲೆಯ ಇಳಿಜಾರಿನಲ್ಲಿ ತಳ್ಳುಗಾಡಿಯ ಮುದುಕ ರಸ್ತೆ ದಾಟುವುದರಲ್ಲಿದ್ದ. ಆಕೆ ಒತ್ತಿದಳು. ಕಾರು ನಿಂತಿತು. ನಡುರಸ್ತೆಯಲ್ಲಿ ಒಂದು ಹಣ್ಣು ಉರುಳಿತು; ಅವನು ಬಗ್ಗಿ ಹೆಕ್ಕಿ, ಅಂಗಿಗೆ ಒರೆಸಿ, ಗುಡ್ಡೆಯ ಮೇಲಿಟ್ಟು ಮತ್ತೆ ಗಾಡಿ ತಳ್ಳಿದ. ಅವನು ಆಚೆ ಸೇರುವವರೆಗೂ ಆಕೆ ಕಾಲು ಎತ್ತಲಿಲ್ಲ. ಮೇಷ್ಟ್ರೂ ಎತ್ತಲಿಲ್ಲ.